ಬಂದ ಹಣವನ್ನು ಬೇಡವೆನ್ನುವ ಅಧಿಕಾರ ಯಾರದು?

ಶಾಲೆಗಳಿಗೆಂದು ಕೇಂದ್ರ ಸರಕಾರ ಕೊಡುವ ಹಣವನ್ನು ರಾಜ್ಯವೊಂದು ಬೇಡವೆನ್ನಬಹುದೇ? ಬೇಡವೆಂದರೆ ಅದರ ನಷ್ಟ ಯಾರ ತಲೆಗೆ? 2025ರ ಅಕ್ಟೋಬರ್‌ನಲ್ಲಿ ನಮ್ಮ ಕೇರಳ ಸರಕಾರವು ಪಿ.ಎಂ. ಶ್ರೀ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಿ, ಆ ತಿಂಗಳು ಮುಗಿಯುವ ಮೊದಲೇ ಅದನ್ನು ತಡೆಹಿಡಿಯುವ ತೀರ್ಮಾನಕ್ಕೆ ಬಂದಾಗ, ನಮ್ಮ ಅಧ್ಯಾಪಕರ ಕೋಣೆಯಲ್ಲಿ ಎದ್ದ ಪ್ರಶ್ನೆ ಇದು. ಈ ಒಪ್ಪಂದದ ತಕರಾರಿನಲ್ಲೇ ಸಮಗ್ರ ಶಿಕ್ಷಾ ಯೋಜನೆಯ ಕೇಂದ್ರದ ಪಾಲು ದಿಲ್ಲಿಯಲ್ಲಿ ನಿಂತಿತ್ತು. ದುಡ್ಡು ಯಾರದಾದರೇನು, ಮಕ್ಕಳಿಗೆ ಬಂದರೆ ಸಾಕು ಎಂದರು ಒಬ್ಬರು. ಇಂದು ದುಡ್ಡಿಗಾಗಿ ತಲೆಬಾಗಿದರೆ ನಾಳೆ ಪಾಠವನ್ನೂ ಅವರೇ ಬರೆಯುತ್ತಾರೆ ಎಂದರು ಇನ್ನೊಬ್ಬರು. ಎರಡೂ ಮಾತಿನಲ್ಲಿ ಹುರುಳಿದೆ. ನಮಗೆ ಆಗ ನೆನಪಾದದ್ದು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ 2009ರಲ್ಲಿ ನಡೆದ ವ್ಯಾಜ್ಯ. ಅಲ್ಲಿಯೂ ಕೇಂದ್ರ ಕೊಡುತ್ತೇನೆಂದಿತು, ರಾಜ್ಯದ ಮುಖ್ಯಸ್ಥರು ಒಲ್ಲೆನೆಂದರು. ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಇಬ್ಬರು ವಿದ್ಯಾರ್ಥಿಗಳು.

ಅಲ್ಲಿಯ ಏರ್ಪಾಡನ್ನು ಮೊದಲು ಹೇಳಬೇಕು. ಅಮೆರಿಕದಲ್ಲಿ ಶಾಲೆಯ ಖರ್ಚಿನ ಬಹುಪಾಲು ಬರುವುದು ಊರಿನ ಮನೆ, ಭೂಮಿಯ ತೆರಿಗೆಯಿಂದ ಮತ್ತು ರಾಜ್ಯದ ಬೊಕ್ಕಸದಿಂದ. ಕೇಂದ್ರದ ಪಾಲು ಸಾಮಾನ್ಯ ವರ್ಷಗಳಲ್ಲಿ ನೂರಕ್ಕೆ ಹತ್ತರಷ್ಟೂ ಇರುವುದಿಲ್ಲ. ಹೀಗಾಗಿ ಶ್ರೀಮಂತ ಊರಿನ ಶಾಲೆ ಶ್ರೀಮಂತವಾಗಿಯೂ ಬಡ ಊರಿನ ಶಾಲೆ ಬಡವಾಗಿಯೂ ಉಳಿಯುತ್ತದೆ. ಇದರ ಮೇಲೆ 2008ರಲ್ಲಿ ಬ್ಯಾಂಕುಗಳು ಕುಸಿದು ಆರ್ಥಿಕ ಮುಗ್ಗಟ್ಟು ಬಂದಿತು. ಜನರ ಕೆಲಸ ಹೋಯಿತು, ತೆರಿಗೆ ಇಳಿಯಿತು. ಅಲ್ಲಿನ ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ವರ್ಷದ ಆಯವ್ಯಯವನ್ನು ಸರಿದೂಗಿಸಲೇಬೇಕೆಂಬ ಕಟ್ಟಳೆಗೆ ಒಳಪಟ್ಟಿವೆ. ಸಾಲ ಮಾಡಿ ಸಂಬಳ ಕೊಡುವಂತಿಲ್ಲ. ಕತ್ತರಿ ಬಿದ್ದದ್ದು ಶಾಲೆಗಳಿಗೆ.

ಅಧ್ಯಕ್ಷ ಬರಾಕ್ ಒಬಾಮ ಅವರು 2009ರ ಫೆಬ್ರವರಿ 17ರಂದು ಸಹಿ ಮಾಡಿದ ಪುನಶ್ಚೇತನ ಕಾಯಿದೆಯ ಒಟ್ಟು ಮೊತ್ತ 78,700 ಕೋಟಿ ಡಾಲರ್. ಅದರಲ್ಲಿ 5,360 ಕೋಟಿ ಡಾಲರನ್ನು ರಾಜ್ಯಗಳ ಹಣಕಾಸು ನಿಭಾವಣೆಗೆಂದು ಬೇರೆ ಇಡಲಾಯಿತು. ಇದರ ಬಹುದೊಡ್ಡ ಭಾಗ ಶಿಕ್ಷಣಕ್ಕೆ. ದಕ್ಷಿಣ ಕೆರೊಲಿನಾದ ಪಾಲಿಗೆ ಎರಡು ವರ್ಷಕ್ಕೆ ಸುಮಾರು 70 ಕೋಟಿ ಡಾಲರ್ ಬರತಕ್ಕದ್ದಿತ್ತು.

ಆ ರಾಜ್ಯದ ಡಿಲ್ಲನ್ ಎಂಬ ಊರಿನಲ್ಲಿ ಒಂದು ಮಾಧ್ಯಮಿಕ ಶಾಲೆ. ಕಟ್ಟಡದ ಕೆಲಭಾಗ ಹತ್ತೊಂಬತ್ತನೆಯ ಶತಮಾನದ್ದು. ಪಕ್ಕದಲ್ಲೇ ರೈಲುಹಳಿ. ದಿನಕ್ಕೆ ಆರು ಬಾರಿ ರೈಲು ಹಾದುಹೋಗುವಾಗ ಅಧ್ಯಾಪಕರು ಪಾಠ ನಿಲ್ಲಿಸಿ ಕಾಯಬೇಕು. (ರೈಲು ಹೋಗುವಷ್ಟು ಹೊತ್ತು ಪಾಠ ನಿಲ್ಲಿಸುವ ಶಾಲೆ ನಮ್ಮ ಕರಾವಳಿಯಲ್ಲೂ ಇಲ್ಲದಿಲ್ಲ!) ಆ ಶಾಲೆಯ ಹುಡುಗಿಯೊಬ್ಬಳು ದೇಶದ ಸಂಸತ್ತಿಗೆ ನೆರವು ಬೇಡಿ ಪತ್ರ ಬರೆದಳು. ಪತ್ರ ಸುತ್ತಿ ಸುತ್ತಿ ಅಧ್ಯಕ್ಷರ ಕೈಗೆ ಬಂದು, ಫೆಬ್ರವರಿ 24ರಂದು ಅವರು ಸಂಸತ್ತಿನಲ್ಲಿ ಭಾಷಣ ಮಾಡುವಾಗ ಆ ಮಗು ಅಧ್ಯಕ್ಷರ ಪತ್ನಿಯ ಬಳಿ ಕುಳಿತಿತ್ತು. ಇಡೀ ದೇಶ ನೋಡಿತು, ಚಪ್ಪಾಳೆ ಬಿತ್ತು. ಆದರೆ ಶಾಲಾ ಕಟ್ಟಡಗಳಿಗೆಂದೇ ಮಸೂದೆಯಲ್ಲಿ ಮೊದಲು ಇಟ್ಟಿದ್ದ ಪ್ರತ್ಯೇಕ ಹಣವನ್ನು ಸೆನೆಟ್ ಸಭೆಯ ರಾಜಿ ಮಾತುಕತೆಯಲ್ಲಿ ಆಗಲೇ ಕಿತ್ತುಹಾಕಿಯಾಗಿತ್ತು.

ಆ ಊರಿನವರು ಕೈಕಟ್ಟಿ ಕೂತವರೂ ಅಲ್ಲ. 1993ರಲ್ಲೇ ಬಡ ಶಾಲಾ ಜಿಲ್ಲೆಗಳೆಲ್ಲ ಸೇರಿ ರಾಜ್ಯದ ಮೇಲೆ ಮೊಕದ್ದಮೆ ಹೂಡಿದ್ದವು, ಡಿಲ್ಲನ್ ಅವುಗಳಲ್ಲೊಂದು. 1999ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಪ್ರತಿ ಮಗುವಿಗೂ ಕನಿಷ್ಠಮಟ್ಟದಲ್ಲಿ ಸಾಲುವಷ್ಟು ಶಿಕ್ಷಣ ದೊರಕಬೇಕೆಂದು ಹೇಳಿತು. ಕನಿಷ್ಠ ಎಂಬ ಆ ಪದವನ್ನು ಓದಿದಾಗಲೆಲ್ಲ ನಮಗೆ ಕಸಿವಿಸಿಯಾಗುತ್ತದೆ. ಯಾವ ತಂದೆ ತಾಯಿ ತಮ್ಮ ಮಗುವಿಗೆ ಕನಿಷ್ಠ ಊಟ ಸಾಕೆಂದಾರು?

ಇನ್ನು ಗವರ್ನರ್ ಮಾರ್ಕ್ ಸ್ಯಾನ್‌ಫರ್ಡ್. ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರು ಆರಿಸಿದ ಆಡಳಿತಗಾರ, ನಮ್ಮ ಮುಖ್ಯಮಂತ್ರಿಯ ಸ್ಥಾನವೆನ್ನಬಹುದು. ಅವರ ವಾದ ಹೀಗಿತ್ತು: ಕೇಂದ್ರ ಕೊಡುವುದು ಸಾಲದ ಹಣ, ಅದನ್ನು ತೀರಿಸಬೇಕಾದವರು ಇದೇ ಮಕ್ಕಳು; ಎರಡು ವರ್ಷ ಕಳೆದ ಮೇಲೆ ಹಣ ನಿಂತಾಗ ರಾಜ್ಯ ಇನ್ನೂ ಆಳವಾದ ಹಳ್ಳಕ್ಕೆ ಬೀಳುತ್ತದೆ. ಆದ್ದರಿಂದ ಈ ಹಣದಿಂದ ರಾಜ್ಯದ ಹಳೆಯ ಸಾಲ ತೀರಿಸಲು ಬಿಡಿ ಎಂದು ಕೇಳಿದರು. ಶ್ವೇತಭವನ ಎರಡು ಸಲ ಆಗದೆಂದಿತು. ಹಾಗಾದರೆ ಅಷ್ಟೇ ಮೊತ್ತದ ಸಾಲವನ್ನು ರಾಜ್ಯವು ತನ್ನ ಹಣದಿಂದ ತೀರಿಸಬೇಕು, ಇಲ್ಲವಾದರೆ ನಾನು ಅರ್ಜಿ ಹಾಕುವುದಿಲ್ಲ ಎಂದು ಪಟ್ಟುಹಿಡಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಶಾಸನಸಭೆಯಲ್ಲಿ ಬಹುಮತವಿದ್ದುದು ಗವರ್ನರರ ಸ್ವಂತ ಪಕ್ಷಕ್ಕೆ. ಆದರೂ ಸದಸ್ಯರಿಗೆ ತಮ್ಮ ತಮ್ಮ ಊರಿನ ಶಾಲೆಗಳ ಸ್ಥಿತಿ ಗೊತ್ತಿತ್ತು. ಮೊದಲ ವರ್ಷದ ಸುಮಾರು 35 ಕೋಟಿ ಡಾಲರನ್ನು ಮುಂಗಡಪತ್ರದಲ್ಲಿ ಸೇರಿಸಿ, ಗವರ್ನರ್ ಅರ್ಜಿ ಹಾಕಲೇಬೇಕೆಂದು ಶಾಸನ ಮಾಡಿದರು. ಗವರ್ನರ್ ತಮ್ಮ ನಿಷೇಧಾಧಿಕಾರ ಚಲಾಯಿಸಿದರು. ಸಭೆ ಮೇ ತಿಂಗಳಲ್ಲಿ ಅದನ್ನೂ ತಳ್ಳಿಹಾಕಿತು. ಗವರ್ನರ್ ಫೆಡರಲ್ ಕೋರ್ಟಿಗೆ ಹೋದರು. ಇತ್ತ ಹೈಸ್ಕೂಲಿನ ಕೊನೆಯ ತರಗತಿಯ ಒಬ್ಬ ಹುಡುಗಿ, ಒಬ್ಬ ಕಾನೂನು ವಿದ್ಯಾರ್ಥಿ, ಜೊತೆಗೆ ಶಾಲಾ ಆಡಳಿತಗಾರರ ಸಂಘ, ಇವರು ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು.

2009ರ ಜೂನ್ 4ರಂದು ಐವರು ನ್ಯಾಯಾಧೀಶರೂ ಒಮ್ಮತದಿಂದ ಕೊಟ್ಟ ತೀರ್ಪಿನ ಸಾರ ಸರಳ. ಸಾರ್ವಜನಿಕ ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂದು ಹೇಳುವ ಅಧಿಕಾರ ಶಾಸನಸಭೆಯದು. ಅದು ಹೇಳಿಯಾದ ಮೇಲೆ ಅರ್ಜಿ ಹಾಕುವುದು ಗವರ್ನರರ ಕರ್ತವ್ಯ. ಅದರಲ್ಲಿ ಇಷ್ಟಾನಿಷ್ಟದ ಮಾತಿಲ್ಲ. ಸ್ಯಾನ್‌ಫರ್ಡ್ ಮೇಲ್ಮನವಿಗೆ ಹೋಗಲಿಲ್ಲ. ನಾಲ್ಕೇ ದಿನದಲ್ಲಿ ಅರ್ಜಿ ಹೋಯಿತು.

ಹಾಗೆಂದು ಗವರ್ನರರ ಭಯವೆಲ್ಲ ಸುಳ್ಳೆಂದು ನಾವು ಹೇಳಲಾರೆವು. ಕಾಯಿದೆಯ ಷರತ್ತಿನಲ್ಲೇ ಒಂದು ಸಡಿಲವಿತ್ತು: ರಾಜ್ಯವು ಶಿಕ್ಷಣಕ್ಕೆ ಕೊಡುವ ಹಣ 2006ರ ಮಟ್ಟಕ್ಕಿಂತ ಕೆಳಗಿಳಿಯದಿದ್ದರೆ ಸಾಕು. ಅಂದರೆ ಅದಕ್ಕಿಂತ ಮೇಲಿದ್ದದ್ದನ್ನು ಇಳಿಸಿ, ಆ ಜಾಗಕ್ಕೆ ಕೇಂದ್ರದ ಹಣ ತುಂಬಬಹುದಿತ್ತು. ಟೆಕ್ಸಸ್ ರಾಜ್ಯದಲ್ಲಿ ಆದದ್ದು ಇದೇ. ಕೇಂದ್ರದ ಹಣವನ್ನು ತನ್ನ ಹಣದ ಜಾಗದಲ್ಲಿಟ್ಟಿತು, ಆಪತ್ಕಾಲದ ನಿಧಿಯನ್ನು ಮುಟ್ಟದೆ ಕಾಪಾಡಿಕೊಂಡಿತು. 2011ರಲ್ಲಿ ಕೇಂದ್ರದ ಹಣ ಮುಗಿದಾಗ ಎರಡು ವರ್ಷದ ಲೆಕ್ಕದಲ್ಲಿ ಶಾಲೆಗಳ ಪಾಲಿನಿಂದ 540 ಕೋಟಿ ಡಾಲರ್ ಕಡಿದುಹಾಕಿತು. ದಕ್ಷಿಣ ಕೆರೊಲಿನಾದಲ್ಲಿ ಹಣವೇ ಬೇಡವೆಂದದ್ದು ಕಣ್ಣಿಗೆ ಕಂಡಿತು, ಜಗಳವಾಯಿತು, ತೀರ್ಪು ಬಂತು. ಟೆಕ್ಸಸ್‌ನದ್ದು ಲೆಕ್ಕಪುಸ್ತಕದೊಳಗೆ ನಡೆದ ಕೆಲಸ. ಇಂಥದ್ದರ ಮೇಲೆ ಯಾವ ವಿದ್ಯಾರ್ಥಿ ದಾವೆ ಹೂಡಿಯಾನು? ನಮ್ಮ ಮಟ್ಟಿಗೆ ಎರಡನೆಯದೇ ಹೆಚ್ಚು ಅಪಾಯದ್ದೆಂದು ತೋರುತ್ತದೆ.

ಡಿಲ್ಲನ್ನಿನಲ್ಲಿ ಹೊಸ ಶಾಲೆ ತೆರೆದದ್ದು 2012ರಲ್ಲಿ, ಕೇಂದ್ರ ಕೃಷಿ ಇಲಾಖೆಯ ಸಾಲದ ನೆರವಿನಿಂದ. 1993ರ ಮೊಕದ್ದಮೆಯಲ್ಲಿ ಬಡ ಜಿಲ್ಲೆಗಳ ಪರ ತೀರ್ಪಾದದ್ದು 2014ರ ನವೆಂಬರ್‌ನಲ್ಲಿ. ದಾವೆ ಹೂಡಿದಾಗ ಒಂದನೆಯ ತರಗತಿಯಲ್ಲಿದ್ದ ಮಗುವಿಗೆ ಅಷ್ಟರಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಿರಬಹುದು.

ಇಲ್ಲಿಯ ವಿಷಯಕ್ಕೆ ಬರೋಣ. ಸಮಗ್ರ ಶಿಕ್ಷಾದಲ್ಲಿ ಕೇಂದ್ರದ್ದು ನೂರಕ್ಕೆ ಅರುವತ್ತು, ರಾಜ್ಯದ್ದು ನಲುವತ್ತು. ಅಂಗವಿಕಲ ಮಕ್ಕಳಿಗೆ ಪಾಠ ಹೇಳುವ ವಿಶೇಷ ಅಧ್ಯಾಪಕರು, ಬಿ.ಆರ್.ಸಿ. ಸಿಬ್ಬಂದಿ ಮುಂತಾದವರ ಸಂಬಳ ಈ ಬಾಬ್ತಿನದ್ದು. ಷರತ್ತು ಸರಿಯೋ ತಪ್ಪೋ ಎಂಬುದು ದಿಲ್ಲಿ ಮತ್ತು ತಿರುವನಂತಪುರದ ಮಧ್ಯೆ ಇತ್ಯರ್ಥವಾಗಲಿ. ಆದರೆ ಒಂದು ಕನ್ನಡ ಶಾಲೆಗೆ ವಾರಕ್ಕೆರಡು ದಿನ ಬರುವ ವಿಶೇಷ ಅಧ್ಯಾಪಿಕೆ ಬಾರದೆ ಹೋದರೆ, ಕನ್ನಡ ಬಲ್ಲ ಇನ್ನೊಬ್ಬರನ್ನು ಹುಡುಕುವುದು ಎಷ್ಟು ಕಷ್ಟವೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಮಲೆಯಾಳ ವಿಭಾಗದಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಸಿಗುತ್ತಾರೆ.

ಈ ಕಥೆಯನ್ನು ನಾವು ಹತ್ತನೆಯ ತರಗತಿಯಲ್ಲೂ ಹೇಳಿದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ನಾವು ಅರ್ಜಿ ಬರೆಯುವುದಾದರೆ ಕನ್ನಡದಲ್ಲಿ ಬರೆಯಬಹುದೇ ಮಾಸ್ಟ್ರೇ?" ಎಂದು ಕೇಳಿದಳು. ಸಂವಿಧಾನದ 350ನೆಯ ವಿಧಿಯನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದೆವು: ತನ್ನ ಕುಂದುಕೊರತೆಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಬರೆದುಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಮರುದಿನ ಬೆಳಿಗ್ಗೆ ನಾಲ್ಕು ಮಂದಿ ಸೇರಿ ಶಾಲೆಯ ನೀರಿನ ಟಾಂಕಿಯ ಬಗ್ಗೆ ಒಂದು ಪುಟದ ಅರ್ಜಿ ಬರೆದು ತಂದರು. ಎರಡು ಕಡೆ ಒತ್ತಕ್ಷರ ತಿದ್ದಿ, ಹೆಡ್ಮಾಸ್ಟರರ ಮೇಜಿನ ಮೇಲೆ ಇರಿಸಿದ್ದೇವೆ.