ಸಂಘವು ಬಹುಕಾಲ ಬಾಳಬೇಕಾದರೆ

ತಿಳವಳ್ಳಿ ಭಾಗದ ರೈತ ಬಾಂಧವರೇ,

ಸಂಘ ಕಟ್ಟುವಾಗ ಹಣಕ್ಕಿಂತ ಮೊದಲು ಸದಸ್ಯರನ್ನು ನೋಡಿರಿ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ 1905ರಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿತು. 1904ರ ಕಾಯದೆಯಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಸಂಘವು ಸಾಲ ತೀರಿಸದಿದ್ದರೆ ಅದರ ಬಿಸಿ ಪ್ರತಿಯೊಬ್ಬನ ಹೊಲಮನೆಗೂ ತಟ್ಟುವುದು. ಆದ್ದರಿಂದ ಯಾರನ್ನು ಸೇರಿಸಬೇಕು, ಕೊಟ್ಟ ಹಣ ಎತ್ತಿಗೆ ಹೋಯಿತೋ ಮದುವೆಯ ಊಟಕ್ಕೆ ಹೋಯಿತೋ ಎಂದು ನೆರೆಯವರೇ ನೋಡಬೇಕಿತ್ತು. (ಇಂಥ ನಿಗಾ ಕೆಲವರಿಗೆ ಹಿಡಿಸದು!)

ಇಂದು ಸಾಮಾನ್ಯವಾಗಿ ಹೊಣೆಗೆ ಮಿತಿಯಿದೆ. ಅದರಿಂದಲೇ ನಿಗಾ ಸಡಿಲಾಗಿದೆಯೆಂದು ನನ್ನೆಣಿಕೆ. ಸೆಪ್ಟೆಂಬರದೊಳಗೆ ನಡೆಯಬೇಕಾದ ವಾರ್ಷಿಕ ಸಭೆಗೆ ತಾವೇ ಹೋಗಿರಿ. ಲೆಕ್ಕ ತಪಾಸಣೆಯ ವರದಿಯನ್ನೂ ಸುಸ್ತಿ ಬಾಕಿಯ ಮೊತ್ತವನ್ನೂ ಓದಿಸಿ ಕೇಳಿರಿ. ತಿಳಿಯದಿದ್ದರೆ ಮತ್ತೊಮ್ಮೆ ಓದಿಸಿರಿ.