ಹಗ್ಗದ ಮೇಲಿನ ನಡಿಗೆಗೂ ಒಂದು ಶಾಲೆ

“ಬಸ್ಸಿನಲ್ಲಿ ಸೀಟು ಹಿಡಿಯೋದೇ ಒಂದು ಸರ್ಕಸ್ಸು!” “ತಿಂಗಳ ಕೊನೆಗೆ ಸಂಸಾರ ತೂಗಿಸೋದು ದೊಡ್ಡ ಸರ್ಕಸ್ಸಪ್ಪಾ!” ದಿನಕ್ಕೊಂದು ಸಲವಾದರೂ ಇಂಥ ಮಾತು ನಮ್ಮ ಬಾಯಲ್ಲಿ ಬರುತ್ತದೆ. ಹೇಗೋ ಒದ್ದಾಡಿ ಕೆಲಸ ಮುಗಿಸುವುದಕ್ಕೆ ನಾವು ಸರ್ಕಸ್ ಎನ್ನುತ್ತೇವೆ. ನಿಜವಾದ ಸರ್ಕಸ್ಸಿನಲ್ಲಿ ಮಾತ್ರ ‘ಹೇಗೋ’ ಎಂಬ ಮಾತಿಗೆ ಜಾಗವಿಲ್ಲ. ಒಂದು ಲಾಗ ಸರಿಯಾಗಿ ಹಾಕಲು ಅಲ್ಲಿ ವರ್ಷಗಟ್ಟಲೆ ಕಲಿಯಬೇಕು.

ನಾನಿರುವುದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದಲ್ಲಿ. ಬೀದಿಯ ಮಕ್ಕಳು ಆಗಾಗ ನಮ್ಮ ಜಗಲಿಗೆ ಬಂದು ಏನಾದರೊಂದು ಕೇಳುತ್ತಾರೆ. ಈಚೆಗೆ ಅವರು ತಂದ ಪ್ರಶ್ನೆ ಇದು: “ತಾತ, ಫಾರಿನ್ನಲ್ಲಿ ಸರ್ಕಸ್ ಕಲಿಯೋಕೆ ಕಾಲೇಜು ಇದೆಯಂತೆ, ಹೌದಾ?”

ಹೌದು ಮಕ್ಕಳೇ, ಇದೆ. ಅಷ್ಟೇ ಅಲ್ಲ, ಸರ್ಕಸ್ ಹುಟ್ಟಿದ್ದೇ ಒಂದು ಪಾಠಶಾಲೆಯಲ್ಲಿ.

ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ

1768ರಲ್ಲಿ ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿ ಎಂಬಾತ ಕುದುರೆ ಸವಾರಿಯ ಶಾಲೆ ನಡೆಸುತ್ತಿದ್ದ. ಸೈನ್ಯದಲ್ಲಿದ್ದು ಬಂದವನು. ಬೆಳಿಗ್ಗೆ ಸವಾರಿ ಕಲಿಸುವುದು, ಮಧ್ಯಾಹ್ನ ಓಡುವ ಕುದುರೆಯ ಬೆನ್ನ ಮೇಲೆ ನಿಂತು ಜನರಿಗೆ ಆಟ ತೋರಿಸುವುದು ಅವನ ದಿನಚರಿ. ಕುದುರೆ ನೇರವಾಗಿ ಓಡಿದರೆ ಮೇಲೆ ನಿಲ್ಲುವುದು ಕಷ್ಟ. ದುಂಡಗೆ ಓಡಿದರೆ ಸವಾರ ಸ್ವಲ್ಪ ಒಳಕ್ಕೆ ವಾಲಿ ಗಟ್ಟಿಯಾಗಿ ನಿಲ್ಲಬಲ್ಲ. ತಿರುವಿನಲ್ಲಿ ನೀವು ಸೈಕಲ್ಲನ್ನು ಒಳಕ್ಕೆ ವಾಲಿಸುವುದಿಲ್ಲವೇ, ಹಾಗೆ. ಕೊನೆಗೆ ಆಸ್ಟ್ಲಿಗೆ ಸರಿಹೊಂದಿದ ವೃತ್ತದ ಅಗಲ 42 ಅಡಿ. ಇಂದಿಗೂ ಸರ್ಕಸ್ ರಿಂಗಿನ ಅಳತೆ ಅದೇ.

ನಮ್ಮ ದೇಶಕ್ಕೆ ಸರ್ಕಸ್ ಬಂದದ್ದು ಒಂದು ಹಟದಿಂದ. ಬೆಳಗಾವಿ ಗಡಿಯಾಚೆ ಕೃಷ್ಣಾ ತೀರದಲ್ಲಿ ಕುರುಂದವಾಡ ಎಂಬ ಸಂಸ್ಥಾನವಿತ್ತು. ಅಲ್ಲಿಯ ರಾಜನ ಕುದುರೆ ಲಾಯ ನೋಡಿಕೊಳ್ಳುತ್ತಿದ್ದವರು ವಿಷ್ಣುಪಂತ ಛತ್ರೆ. ಮುಂಬಯಿಗೆ ಬಂದಿದ್ದ ಇಟಲಿಯ ಸರ್ಕಸ್ಸನ್ನು ಕಂಡ ಛತ್ರೆ, ನಾವೂ ಇದನ್ನು ಮಾಡಬಲ್ಲೆವು ಎಂದು ಪಣ ತೊಟ್ಟರು. 1880ರ ಮಾರ್ಚ್ 20ರಂದು ಅವರ ಗ್ರೇಟ್ ಇಂಡಿಯನ್ ಸರ್ಕಸ್ ಮುಂಬಯಿಯಲ್ಲಿ ಮೊದಲ ಆಟ ಆಡಿತು.

ತಂಡವೇನೋ ಆಯಿತು, ಕಲಾವಿದರನ್ನು ತಯಾರು ಮಾಡುವವರು ಯಾರು? ಮಂಗಳೂರು, ಕಾಸರಗೋಡು ದಾಟಿ ದಕ್ಷಿಣಕ್ಕೆ ಹೋದರೆ ತಲಶ್ಶೇರಿ ಸಿಗುತ್ತದೆ. ಛತ್ರೆಯವರ ತಂಡ ಅಲ್ಲಿಗೆ ಹೋದಾಗ ಕೀಲೇರಿ ಕುಂಞಿಕಣ್ಣನ್ ಎಂಬ ವ್ಯಾಯಾಮ ಶಿಕ್ಷಕರ ಪರಿಚಯವಾಯಿತು. ಅವರು ಕಳರಿಪಯಟ್ಟು ಬಲ್ಲವರು. 1901ರಲ್ಲಿ ಕುಂಞಿಕಣ್ಣನ್ ತಲಶ್ಶೇರಿ ಹತ್ತಿರದ ಚಿರಕ್ಕರದಲ್ಲಿ ಸರ್ಕಸ್ ಕಲಿಸುವ ಶಾಲೆ ತೆರೆದರು. ಮುಂದೆ ಭಾರತದ ಅನೇಕ ಸರ್ಕಸ್ ಕಂಪನಿಗಳನ್ನು ಕಟ್ಟಿದವರು, ತೂಗುಯ್ಯಾಲೆಯ ಮೇಲೆ ಹಾರಿದವರು ಅವರ ಶಿಷ್ಯರು, ಶಿಷ್ಯರ ಶಿಷ್ಯರು. ಅವರನ್ನು ಭಾರತೀಯ ಸರ್ಕಸ್ಸಿನ ಪಿತಾಮಹ ಎಂದು ಕರೆಯುತ್ತಾರೆ.

ನಮ್ಮ ಬೀದಿಯ ಹಗ್ಗ

ತಲಶ್ಶೇರಿಯ ಮಾತು ಹಾಗಿರಲಿ. ಡೇರೆಯೂ ಇಲ್ಲದೆ, ಟಿಕೇಟೂ ಇಲ್ಲದೆ ನಮ್ಮ ಬಯಲುಸೀಮೆಯ ಊರೂರಿಗೆ ಬರುತ್ತಿದ್ದ ಡೊಂಬರಾಟವನ್ನು ಅಜ್ಜ ಅಜ್ಜಿಯರು ಮರೆತಿರಲಾರರು. ರಾಗಿ ಕಣ ಮುಗಿದ ಮೇಲೆ ಅವರು ಬರುವ ಕಾಲ. ಎರಡೆರಡು ಬಿದಿರು ಗಳಗಳನ್ನು ಕತ್ತರಿಯಂತೆ ನಿಲ್ಲಿಸಿ, ನಡುವೆ ಹಗ್ಗ ಬಿಗಿದು, ಕೆಳಗೆ ಅಪ್ಪ ಡೋಲು ಬಡಿಯುತ್ತಿದ್ದರೆ ಮೇಲೆ ಮಗಳು ನಡೆಯುತ್ತಿದ್ದಳು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಕಂಡ ಹುಡುಗಿಗೆ ನನ್ನಷ್ಟೇ ವಯಸ್ಸು. ಆಟ ಮುಗಿದು ಅವಳು ತಟ್ಟೆ ಹಿಡಿದು ಬಂದಾಗ ನಮ್ಮಜ್ಜಿ ಮೊರದ ತುಂಬ ರಾಗಿ ತಂದು ಸುರಿದಳು.

“ಅವಳು ಯಾವ ಸ್ಕೂಲಿಗೆ ಹೋಗ್ತಾಳಜ್ಜಿ?” ಎಂದು ನಾನು ಕೇಳಿದೆ.

“ಅವಳಿಗೆ ಆ ಹಗ್ಗವೇ ಸ್ಕೂಲು ಕಣಪ್ಪ” ಅಂದಳು ಅಜ್ಜಿ.

ಆ ಹಗ್ಗದ ಮೇಲೆ ಎಷ್ಟು ವಿಜ್ಞಾನವಿದೆ ಎಂಬುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಹಗ್ಗದ ಮೇಲೆ ನಡೆಯುವವರು ಉದ್ದನೆಯ ಗಳವನ್ನು ಅಡ್ಡ ಹಿಡಿಯುವುದೇಕೆ? ಉದ್ದವಾದ ವಸ್ತು ಬೇಗ ತಿರುಗುವುದಿಲ್ಲ. ಮೈ ಒಂದು ಕಡೆ ವಾಲತೊಡಗಿದರೂ ಗಳ ಆ ವಾಲುವಿಕೆಯನ್ನು ನಿಧಾನ ಮಾಡುತ್ತದೆ, ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಗಳದ ತುದಿಗಳು ಕೆಳಕ್ಕೆ ಬಾಗಿದ್ದರೆ ಇನ್ನೂ ಅನುಕೂಲ, ದೇಹದ ತೂಕದ ಕೇಂದ್ರ ಕೆಳಗಿಳಿಯುತ್ತದೆ. ಕಣ್ಣು ಪಾದದ ಮೇಲಿರಬಾರದು, ಎದುರಿನ ಒಂದೇ ಬಿಂದುವಿನ ಮೇಲಿರಬೇಕು. ಪುಸ್ತಕ ತೆರೆಯದ ಆ ಹುಡುಗಿಗೆ ಇದೆಲ್ಲ ಅಂಗಾಲಿಗೇ ಗೊತ್ತಿತ್ತು.

ದೇಶದೇಶದ ಮಕ್ಕಳು ಬರುವ ಶಾಲೆ

ಈಗ ಮಕ್ಕಳು ಕೇಳಿದ ಕಾಲೇಜಿಗೆ ಬರೋಣ. ಮಾಸ್ಕೋದಲ್ಲಿ 1927ರಲ್ಲೇ ಸರ್ಕಾರ ಸರ್ಕಸ್ ಶಾಲೆ ತೆರೆಯಿತು. ಕೆನಡಾದ ಮಾಂಟ್ರಿಯಲ್ ನಗರದ ರಾಷ್ಟ್ರೀಯ ಸರ್ಕಸ್ ಶಾಲೆ ಶುರುವಾದದ್ದು 1981ರಲ್ಲಿ. ಫ್ರಾನ್ಸಿನ ಶಾಲೋನ್ ಪಟ್ಟಣದಲ್ಲಿ 1899ರಲ್ಲಿ ಕಟ್ಟಿದ ಹಳೆಯ ಸರ್ಕಸ್ ಭವನವಿದೆ. 1985ರಲ್ಲಿ ಅಲ್ಲಿಯೂ ರಾಷ್ಟ್ರೀಯ ಸರ್ಕಸ್ ಕಲಾ ಕೇಂದ್ರ ಆರಂಭವಾಯಿತು. ಇಂಥ ಶಾಲೆಗಳಿಗೆ ಬೇರೆ ಬೇರೆ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಅರ್ಜಿ ಹಾಕಿದರಷ್ಟೇ ಸಾಲದು, ಗುರುಗಳ ಮುಂದೆ ಮಾಡಿ ತೋರಿಸಿ ಆಯ್ಕೆಯಾಗಬೇಕು. ಮಾಂಟ್ರಿಯಲ್‌ನಲ್ಲಿ ವೃತ್ತಿ ಶಿಕ್ಷಣ ಮೂರು ವರ್ಷದ್ದು, ಮುಗಿಸಿದವರಿಗೆ ಡಿಪ್ಲೊಮಾ ಸಿಗುತ್ತದೆ.

ಏನು ಕಲಿಸುತ್ತಾರೆ? ಲಾಗ, ಸಮತೋಲನ, ಉಯ್ಯಾಲೆ, ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವುದು, ವಿದೂಷಕನ ಆಟ. ಜೊತೆಗೆ ಕುಣಿತ, ಅಭಿನಯ, ಮೈಯ ಮೂಳೆ–ಮಾಂಸಗಳ ಪಾಠ. ಹಗ್ಗ, ಕೊಂಡಿ, ಬಲೆಗಳನ್ನು ಪರೀಕ್ಷಿಸುವುದನ್ನೂ ಹೇಳಿಕೊಡುತ್ತಾರೆ. ಹಾರುವುದಕ್ಕಿಂತ ಮೊದಲು ಬೀಳುವುದನ್ನು ಕಲಿಯಬೇಕು. ಉಯ್ಯಾಲೆಯಿಂದ ಬಲೆಗೆ ಬೀಳುವಾಗ ಕಾಲೂರಬಾರದು, ಬೆನ್ನ ಮೇಲೆ ಬೀಳಬೇಕು. ಕಾಲೂರಿದರೆ ಕಣಕಾಲು ಉಳುಕೀತು, ಮುರಿದೀತು. ಬೀಳಲು ಬಂದವನಿಗೇ ಮೇಲೇರುವ ಧೈರ್ಯ.

ಜಗತ್ತಿನಲ್ಲೆಲ್ಲ ಹೆಸರಾದ ‘ಸರ್ಕ್ ದು ಸೊಲೇ’ ತಂಡವನ್ನು 1984ರಲ್ಲಿ ಕಟ್ಟಿದವರು ಕೆನಡಾದ ಬೀದಿ ಕಲಾವಿದರು. ಮರಗಾಲು ಕಟ್ಟಿ ನಡೆಯುವವರು, ಬೆಂಕಿಯ ಆಟ ಆಡುವವರು! ಬೀದಿಯ ಆಟ ಅಲ್ಲಿ ದೊಡ್ಡ ರಂಗಸ್ಥಳ ಏರಿತು.

ಚೀನಾದ ಊಚಿಯಾವೊ ಸೀಮೆಯ ಕತೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯ ರೈತರು ತಲೆತಲಾಂತರದಿಂದ ಅಂಗಳದಲ್ಲೇ ಕಸರತ್ತು ಕಲಿಯುತ್ತಿದ್ದರು, ಊರೂರು ತಿರುಗಿ ಆಟ ತೋರಿಸುತ್ತಿದ್ದರು. ಈಗ ಅಲ್ಲೊಂದು ಕಸರತ್ತಿನ ಶಾಲೆಯಿದೆ. ಇಥಿಯೋಪಿಯಾ, ತಾಂಜಾನಿಯಾ, ಲಾವೋಸ್ ಮೊದಲಾದ ದೇಶಗಳ ಎಳೆಯರು ಅಲ್ಲಿಗೆ ಹೋಗಿ ಕಲಿತು ಬರುತ್ತಾರೆ. ಒಂದು ಸೀಮೆಯ ಮನೆತನದ ವಿದ್ಯೆ ಹೊರದೇಶದವರಿಗೂ ಪಾಠವಾಯಿತು.

ಹಗ್ಗ ಏರುವ ಮುನ್ನ

ನಮ್ಮಲ್ಲಿ? 2010ರಲ್ಲಿ ಕೇರಳ ಸರ್ಕಾರ ತಲಶ್ಶೇರಿಯಲ್ಲಿ ಸರ್ಕಸ್ ಅಕಾಡೆಮಿ ತೆರೆದಿತ್ತು, ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. 2011ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮುಖ್ಯವಾದ ಮಾತು ಹೇಳಿತು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಬೇಕು, ಅಲ್ಲಿರುವ ಮಕ್ಕಳನ್ನು ಬಿಡಿಸಿ ನೆಲೆ ಕಾಣಿಸಬೇಕು ಎಂದು. ಅನೇಕ ಡೇರೆಗಳಲ್ಲಿ ಬಡವರ ಮಕ್ಕಳು ಓದಿಲ್ಲದೆ, ಮನೆ ಕಾಣದೆ ದುಡಿಯುತ್ತಿದ್ದುದರಿಂದ ಈ ತೀರ್ಪು ಬೇಕೇ ಆಗಿತ್ತು.

“ಹಾಗಾದರೆ ಚಿಕ್ಕವರು ಕಲಿಯೋದೇ ಬೇಡವಾ ತಾತ?” ಎಂದು ನಮ್ಮ ಜಗಲಿಯ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಕೋರ್ಟು ಬೇಡವೆಂದದ್ದು ದುಡಿಸುವುದನ್ನು, ಕಲಿಯುವುದನ್ನಲ್ಲ. ಮಲ್ಲಕಂಬವನ್ನೇ ನೋಡಿ. ಉತ್ತರ ಕರ್ನಾಟಕದ ಊರುಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ ಸಂಜೆ ಎಣ್ಣೆ ಸವರಿದ ಕಂಬ ಏರುತ್ತಾರೆ. ಅದೂ ಕಸರತ್ತೇ. ಬೆಳಿಗ್ಗೆ ಪಾಟಿಚೀಲ, ಸಂಜೆ ಕಂಬ, ರಾತ್ರಿ ಮನೆಯ ಊಟ. ಕಂಬ ಏರದಿದ್ದರೆ ಅನ್ನವಿಲ್ಲ ಎಂಬ ಭಯ ಅವರಿಗಿಲ್ಲ.

ಹಗ್ಗ ಅದೇ, ಗಳ ಅದೇ, ಎದೆಯ ಧೈರ್ಯವೂ ಅದೇ. ಮಾಂಟ್ರಿಯಲ್‌ನ ಹುಡುಗಿ ಇಷ್ಟಪಟ್ಟು ಏರುತ್ತಾಳೆ, ಅವಳ ಕೆಳಗೆ ಬಲೆಯಿದೆ, ಕೈಗೆ ಡಿಪ್ಲೊಮಾ ಬರುತ್ತದೆ. ನಮ್ಮ ಬೀದಿಗೆ ಬರುತ್ತಿದ್ದ ಹುಡುಗಿ ಹಸಿವಿಗಾಗಿ ಏರುತ್ತಿದ್ದಳು, ಅವಳ ಕೆಳಗೆ ಬರಿಯ ನೆಲ. ಡೊಂಬರ ಮಕ್ಕಳು ಶಾಲೆ ಸೇರಬೇಕು. ಅವರ ಮನೆಯ ವಿದ್ಯೆಗೂ ಶಾಲೆಯೊಳಗೆ ಒಂದು ಮೂಲೆ ಸಿಗಬೇಕು. ಆಟದ ಪೀರಿಯಡ್ಡಿನಲ್ಲಿ ಮೊಣಕಾಲೆತ್ತರಕ್ಕೆ ಹಗ್ಗ ಕಟ್ಟಿ, ಕೆಳಗೆ ಚಾಪೆ ಹಾಸಿ, ಆ ಮನೆತನದ ಹಿರಿಯರೊಬ್ಬರನ್ನು ಮೇಷ್ಟರ ಪಕ್ಕದಲ್ಲಿ ನಿಲ್ಲಿಸಿದರೆ ಅಲ್ಲಿಗೆ ಮೊದಲ ಪಾಠ ಶುರುವಾದಂತೆ.

ಮಕ್ಕಳೇ, ಇವತ್ತು ಊಟವಾದ ಮೇಲೆ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು, ಅವರ ಊರಿಗೆ ಬರುತ್ತಿದ್ದ ಡೊಂಬರಾಟದ ಬಗ್ಗೆ ಕೇಳಿ. ಹಗ್ಗ ಎಷ್ಟು ಎತ್ತರವಿತ್ತು, ಗಳ ಎಷ್ಟುದ್ದವಿತ್ತು, ನಡೆದವರಿಗೆ ಏನು ಕೊಟ್ಟರು? ಹೇಳಿದ್ದನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಡಿ. ನಮ್ಮೂರಿನಲ್ಲೂ ಇಂಥ ಶಾಲೆಯೊಂದು ತೆರೆಯುವ ದಿನ ಅದು ಬೇಕಾಗುತ್ತದೆ.