ಕಡಿಮೆ ಹಣದಲ್ಲಿ ಗೇಮಿಂಗ್ ಕಂಪ್ಯೂಟರ್: ಯಾವ ಭಾಗಕ್ಕೆ ಎಷ್ಟು ಖರ್ಚು?

ವಾಗದರಿ: ಹತ್ತನೇ, ಹನ್ನೆರಡನೇ ತರಗತಿಯ ಪರೀಕ್ಷೆ ಮುಗಿಯುತ್ತಲೇ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲೂ ಈಗ ಮಕ್ಕಳ ಬಾಯಲ್ಲಿ 'ಗೇಮಿಂಗ್ ಪಿಸಿ' ಮಾತು. ಆಟಕ್ಕೆಂದು ಜೋಡಿಸಿದ ಕಂಪ್ಯೂಟರ್ ಓದಿಗೆ, ಪ್ರೋಗ್ರಾಮಿಂಗ್ ಕಲಿಯಲು, ವಿಡಿಯೋ ಎಡಿಟಿಂಗ್‌ಗೂ ಆಗುತ್ತದೆ ಎಂಬುದು ನಿಜ. ಆದರೆ ತೊಗರಿ, ಕಬ್ಬು ಮಾರಿ ಉಳಿಸಿದ 50-60 ಸಾವಿರ ರೂಪಾಯಿ ತಪ್ಪು ಭಾಗಗಳಿಗೆ ಹೋದರೆ ಮರಳಿ ಬರುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಪಾಲಕರೂ ಮಕ್ಕಳೂ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

'ಐ7' ಹೆಸರಿಗೆ ಮರುಳಾಗಬೇಡಿ

ಹಳೆಯ ಆಫೀಸು ಕಂಪ್ಯೂಟರ್‌ಗಳನ್ನು 'ಐ7 ಗೇಮಿಂಗ್ ಪಿಸಿ' ಎಂದು ಅಗ್ಗದಲ್ಲಿ ಮಾರುವುದುಂಟು. ಐ7 ಎಂಬುದಕ್ಕಿಂತ ಅದರ ಮುಂದಿನ ಅಂಕಿ ಮುಖ್ಯ. ಐ7-2600 ಎಂದರೆ ಎರಡನೇ ತಲೆಮಾರಿನದು, 2011ರದು. ಐ3-12100 ಹನ್ನೆರಡನೇ ತಲೆಮಾರಿನದು, 2022ರದು. ಎರಡಕ್ಕೂ ನಾಲ್ಕೇ ಕೋರ್ ಇದ್ದರೂ ಆಟದಲ್ಲಿ 'ಸಣ್ಣ' ಐ3 ಬಹಳ ಮುಂದಿದೆ. ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಹಳೆಯದನ್ನು ಕೊಳ್ಳುವವರು ಇಷ್ಟನ್ನಾದರೂ ನೋಡಿಯೇ ಹಣ ಕೊಡಬೇಕು.

ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ

ಆಟದ ಚಿತ್ರವನ್ನು ತೆರೆಯ ಮೇಲೆ ಬರೆಯುವುದು ಗ್ರಾಫಿಕ್ಸ್ ಕಾರ್ಡ್. ಮಾನಿಟರ್ ಬಿಟ್ಟು ಉಳಿದ ಹಣದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗದಂತೆ ಇದಕ್ಕೆ ಮೀಸಲಿಡಬೇಕು. 60 ಸಾವಿರದಲ್ಲಿ ಸುಮಾರು 20ರಿಂದ 24 ಸಾವಿರ ಎಂದಿಟ್ಟುಕೊಳ್ಳಿ. ಬಂಡಿಗೆ ಒಂದು ದಷ್ಟಪುಷ್ಟ ಎತ್ತು, ಇನ್ನೊಂದು ಬಡಕಲು ಎತ್ತು ಹೂಡಿದರೆ ಬಂಡಿ ಬಡಕಲು ಎತ್ತಿನ ವೇಗದಲ್ಲೇ ಸಾಗುತ್ತದೆ. ದುಬಾರಿ ಪ್ರೊಸೆಸರಿಗೆ ದುರ್ಬಲ ಕಾರ್ಡ್ ಜೋಡಿಸಿದರೆ ಆಗುವುದೂ ಅದೇ.

ಸಾಮಾನ್ಯ 1080 ತೆರೆಗೆ ಎಎಂಡಿಯ ರೈಜನ್ 5 5600 ಅಥವಾ ಇಂಟೆಲ್‌ನ ಐ3-12100ಎಫ್, ಜೊತೆಗೆ 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600 ದರ್ಜೆಯ ಕಾರ್ಡ್ ಸರಿಯಾದ ಜೋಡಿ. ಇಂಟೆಲ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಅದರಲ್ಲಿ ಒಳ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದೆ ತೆರೆಯ ಮೇಲೆ ಏನೂ ಕಾಣುವುದಿಲ್ಲ.

ಹಣ ಸಾಲದಿದ್ದರೆ ಎರಡು ಹಂತದಲ್ಲಿ

ಒಮ್ಮೆಲೇ ಅಷ್ಟು ಹಣವಿಲ್ಲದವರು ರೈಜನ್ 5 5600ಜಿ ನೋಡಬಹುದು. ಇದರಲ್ಲಿ ಒಳ ಗ್ರಾಫಿಕ್ಸ್ ಇದ್ದು, ವ್ಯಾಲೊರಂಟ್‌ನಂಥ ಹಗುರ ಆಟಗಳು ಕಡಿಮೆ ಸೆಟ್ಟಿಂಗ್‌ನಲ್ಲಿ ನಡೆಯುತ್ತವೆ. ಮುಂದಿನ ಸುಗ್ಗಿಗೆ ಕಾರ್ಡ್ ಸೇರಿಸಿಕೊಳ್ಳಬಹುದು. ಮನೆಯ ಟಿವಿಗೆ ಎಚ್‌ಡಿಎಂಐ ಇದ್ದರೆ ಮಾನಿಟರ್ ಖರ್ಚನ್ನೂ ಸದ್ಯಕ್ಕೆ ಮುಂದೂಡಬಹುದು.

ರ್‍ಯಾಮ್ 16 ಜಿಬಿ ಬೇಕು. 8 ಜಿಬಿಯ ಎರಡು ಕಡ್ಡಿ ಹಾಕಿದರೆ ಒಂದೇ ಕಡ್ಡಿಗಿಂತ ವೇಗ ಹೆಚ್ಚು, ಒಳ ಗ್ರಾಫಿಕ್ಸ್‌ಗಂತೂ ಇದು ಅವಶ್ಯ. ಎಐ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯಲ್ಲಿ ರ್‍ಯಾಮ್ ದರ ಒಮ್ಮೆಲೇ ಜಿಗಿಯಿತು. ಆದ್ದರಿಂದ ಹಳೆಯ ದರಪಟ್ಟಿ ನಂಬದೆ ಎರಡು-ಮೂರು ಕಡೆ ವಿಚಾರಿಸಿ.

ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಬೇಡ

ಲೋಡ್ ಶೆಡ್ಡಿಂಗ್, ವೋಲ್ಟೇಜ್ ಏರಿಳಿತ ನಮ್ಮ ಭಾಗಕ್ಕೆ ಹೊಸದಲ್ಲ. ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಕಳಪೆಯಾಗಿದ್ದರೆ, ಅದು ಸುಡುವಾಗ ಮದರ್‌ಬೋರ್ಡ್, ಕಾರ್ಡ್ ಕೂಡ ಹಾಳಾಗಬಹುದು. ಲೆಕ್ಕ ಸುಲಭ: ರೈಜನ್ 5 5600 65 ವ್ಯಾಟ್ ದರ್ಜೆಯದು, ಆರ್‌ಎಕ್ಸ್ 6600 ಕಾರ್ಡ್ 132 ವ್ಯಾಟ್, ಉಳಿದವು ಸೇರಿ 300 ವ್ಯಾಟ್ ಒಳಗೇ. ಹೆಸರಾಂತ ಕಂಪನಿಯ, '80 ಪ್ಲಸ್ ಬ್ರಾಂಝ್' ಗುರುತಿನ 450ರಿಂದ 550 ವ್ಯಾಟ್‌ನದು ಸಾಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಡಬ್ಬಿ ಬೇಡ.

ಯುಪಿಎಸ್ ಕೊಳ್ಳುವಾಗ ವಿಎ ಬೇರೆ, ವ್ಯಾಟ್ ಬೇರೆ ಎಂಬುದು ನೆನಪಿರಲಿ. ಸಾಮಾನ್ಯ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್ ಮಾತ್ರ. ಮಾನಿಟರ್ ಸೇರಿದರೆ ಅದು ಮಿತಿಯ ಅಂಚಿಗೆ ಬರುತ್ತದೆ. 1000 ವಿಎ ಆಸುಪಾಸಿನದು ಲೇಸು. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಸೊಲ್ಲಾಪುರ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮುಂದೆ ಗಾಜಿನ ಬದಲು ಜಾಲರಿ ಇರುವ, ಗಾಳಿ ಒಳಗೆಳೆಯಲು ಒಂದು, ಹೊರಹಾಕಲು ಒಂದು ಫ್ಯಾನ್ ಇರುವ ಕ್ಯಾಬಿನೆಟ್ ಆರಿಸಿ. ಬಣ್ಣದ ದೀಪಗಳಿಂದ ಆಟದ ವೇಗ ಹೆಚ್ಚುವುದಿಲ್ಲ. ನೆಲದ ಮೇಲಿಡದೆ ಎತ್ತರದಲ್ಲಿಟ್ಟು, ತಿಂಗಳಿಗೊಮ್ಮೆ ಧೂಳು ತೆಗೆಯಿರಿ.

ಪಕ್ಕಾ ಬಿಲ್ ಕೇಳಿ

ಬೆಂಗಳೂರಿನ ಎಸ್‌ಪಿ ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ದರ ಕಡಿಮೆ ಸಿಗಬಹುದು. ಆದರೆ ಕೆಟ್ಟಾಗ ಅಲ್ಲಿಗೆ ಒಯ್ಯುವ ಖರ್ಚನ್ನೂ ಲೆಕ್ಕ ಹಿಡಿಯಬೇಕು. ಸಾವಿರ ರೂಪಾಯಿ ಹೆಚ್ಚಾದರೂ ಸೊಲ್ಲಾಪುರದಲ್ಲೇ ಕೊಳ್ಳುವುದು ಹಲವರಿಗೆ ಲಾಭ. ಸೀಲ್ ಡಬ್ಬಿಯಲ್ಲಿ ಬರುವ ಪ್ರೊಸೆಸರ್‌ಗೆ ಕಂಪನಿಯಿಂದ ಮೂರು ವರ್ಷ ವಾರಂಟಿ ಇರುತ್ತದೆ. ಪ್ರತಿ ಭಾಗದ ಹೆಸರು, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಪಡೆಯಿರಿ. 'ಗೇಮಿಂಗ್ ಪಿಸಿ, 1 ನಗ' ಎಂದಷ್ಟೇ ಬರೆದ ಚೀಟಿ ವಾರಂಟಿ ಕೇಳುವಾಗ ಉಪಯೋಗಕ್ಕೆ ಬರುವುದಿಲ್ಲ. ಡಬ್ಬಿಗಳನ್ನೂ ಎಸೆಯದೆ ಜೋಪಾನವಾಗಿಡಿ.